ಟ್ರಕ್ಕಿನ ನೆತ್ತಿಗೆ ವಿಮೆ ಇದೆಯೇ?

ಮೂರು ಡಾಲರಿನ ಕಾಫಿ ನಮಗೆ ನಾಲ್ಕು ಸಾವಿರ ಡಾಲರಿಗೆ ಬಿತ್ತು.

ಭಾವನ ಮನೆಯನ್ನು ನ್ಯೂಜೆರ್ಸಿಯ ಎಡಿಸನ್‌ನಿಂದ ಟೆಕ್ಸಸ್‌ನ ಫ್ರಿಸ್ಕೋಗೆ ಸಾಗಿಸುತ್ತಿದ್ದೆವು. ಸುಮಾರು 1,500 ಮೈಲಿ ದಾರಿ. 16 ಅಡಿಯ ಬಾಡಿಗೆ ಟ್ರಕ್ಕಿನಲ್ಲಿ ಮಂಚ, ಸೋಫಾ, ಊರಿನಿಂದ ಹೊತ್ತು ತಂದಿದ್ದ ಗ್ರೈಂಡರು, ಅಕ್ಕನ ವೀಣೆ, ಮಕ್ಕಳ ಸೈಕಲ್ಲು ಎಲ್ಲ ತುಂಬಿಕೊಂಡು ನಸುಕಿನಲ್ಲೇ ಹೊರಟಿದ್ದೆವು. ವರ್ಜೀನಿಯಾ ದಾಟುವಾಗ ಕಣ್ಣು ಎಳೆಯತೊಡಗಿತು. ಭಾವ ಹೆದ್ದಾರಿ ಬಿಟ್ಟು ಒಂದು ಕಾಫಿ ಅಂಗಡಿಯ ಡ್ರೈವ್-ಥ್ರೂ ಸಾಲಿಗೆ ಟ್ರಕ್ ತಿರುಗಿಸಿದರು. ಕಾರಿನಲ್ಲಿ ದಿನಾ ಮಾಡುವ ಕೆಲಸವೇ. ‘9 ಅಡಿ’ ಎಂದು ಬರೆದ ಹಳದಿ ಕೊಳವೆಯೊಂದು ಸರಪಳಿಯಲ್ಲಿ ನೇತಾಡುತ್ತಿತ್ತು. ಅದು ಟ್ರಕ್ಕಿನ ಹಣೆಗೆ ಟಣ್ಣೆಂದು ಬಡಿಯಿತು. ನಿದ್ದೆಗಣ್ಣಿನಲ್ಲಿ ಇಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮರುಕ್ಷಣವೇ ತಲೆಯ ಮೇಲೆ ತಗಡು ಹರಿದ ಸದ್ದು.

‘ಇನ್ಶೂರೆನ್ಸ್ ತಗೊಂಡಿದ್ದೀನಿ ಕಣೋ, ಯೋಚನೆ ಮಾಡಬೇಡ’ ಎಂದರು ಭಾವ. ತೆಗೆದುಕೊಂಡದ್ದು ನಿಜ. ಕೌಂಟರಿನಲ್ಲಿದ್ದ ಹುಡುಗ ಕೇಳಿದಾಗ ಕಡಿಮೆ ದರದ್ದಕ್ಕೆ ಹ್ಞೂಂ ಎಂದು ಸಹಿ ಹಾಕಿದ್ದರು. ಅದರ ಸಣ್ಣಕ್ಷರದಲ್ಲಿ, ಟ್ರಕ್ಕಿನ ಮೇಲ್ಭಾಗಕ್ಕೆ ಏನಾದರೂ ತಗುಲಿ ಆದ ಹಾನಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ ಎಂದಿತ್ತು. ನಾವು ಅದನ್ನು ಓದಿದ್ದು ಬಿಲ್ಲು ಮನೆಗೆ ಬಂದ ಮೇಲೆ.

ಬೆಂಗಳೂರಿನಲ್ಲಿ ಮನೆ ಬದಲಾಯಿಸುವುದೆಂದರೆ ಪ್ಯಾಕರ್ಸ್ ಅಂಡ್ ಮೂವರ್ಸ್‌ನವರಿಗೋ, ಗುರುತಿನ ಟೆಂಪೊ ಡ್ರೈವರಿಗೋ ಒಂದು ಫೋನು. ಗಾಡಿ ಅವರದು, ಓಡಿಸುವವರು ಅವರು, ಗಾಡಿಯ ವಿಮೆಯೂ ಅವರದೇ. ಅಜ್ಜಿಯ ಕಾಲದ ಶೋಕೇಸಿನ ಗಾಜು ಒಡೆಯದೆ ಬಂದರೆ ಸಾಕು ಎಂಬಷ್ಟಕ್ಕೆ ನಮ್ಮ ಚಿಂತೆ ಮುಗಿಯುತ್ತದೆ. ಅಮೆರಿಕದಲ್ಲಿ ಆಳಿನ ಕೂಲಿ ದುಬಾರಿ. ಅದಕ್ಕೇ ಅಲ್ಲಿ ಮಧ್ಯಮ ವರ್ಗದವರು ಖಾಲಿ ಟ್ರಕ್ಕನ್ನು ಬಾಡಿಗೆಗೆ ಹಿಡಿದು, ಸ್ನೇಹಿತರನ್ನು ಕರೆದು ಸಾಮಾನು ತುಂಬಿಸಿ, ತಾವೇ ಓಡಿಸಿಕೊಂಡು ಹೋಗುತ್ತಾರೆ. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಸ್ಯಾಮ್ ಶೋಯೆನ್ ಮತ್ತು ಅವರ ಪತ್ನಿ ಆನಾ ಮೇರಿ ವಾಷಿಂಗ್ಟನ್ ರಾಜ್ಯದ ರಿಜ್‌ಫೀಲ್ಡ್‌ನಲ್ಲಿ ಯೂ-ಹಾಲ್ ಕಂಪನಿ ಶುರುಮಾಡಿದ್ದು ಇದೇ ಅಗತ್ಯಕ್ಕೆ: ಒಂದೂರಲ್ಲಿ ಟ್ರೇಲರ್ ಬಾಡಿಗೆಗೆ ಹಿಡಿದು ಇನ್ನೊಂದೂರಲ್ಲಿ ಬಿಟ್ಟುಹೋಗುವ ಅನುಕೂಲ. ಈಗ ಯೂ-ಹಾಲ್ ಜೊತೆಗೆ ಪೆನ್‌ಸ್ಕಿ, ಬಜೆಟ್ ಟ್ರಕ್ ಇವೂ ದೊಡ್ಡ ಹೆಸರುಗಳು.

ಓಡಿಸಲು ಬೇರೆ ಲೈಸೆನ್ಸ್ ಬೇಡವೇ ಎಂದು ಊರಿನಿಂದ ಅಪ್ಪ ಕೇಳಿದ್ದರು. ಬೇಡ. ಒಟ್ಟು ತೂಕ 26,001 ಪೌಂಡ್ ಮುಟ್ಟಿದ ವಾಹನಕ್ಕೆ ಮಾತ್ರ ವಾಣಿಜ್ಯ ಲೈಸೆನ್ಸ್ ಕಡ್ಡಾಯ. ಮನೆ ಸಾಗಿಸಲು ಸಿಗುವ ಅತಿ ದೊಡ್ಡ 26 ಅಡಿ ಟ್ರಕ್ಕುಗಳನ್ನು ಆ ಗೆರೆಯ ಒಳಗೇ ನಿಲ್ಲುವಂತೆ ಇಟ್ಟಿರುತ್ತಾರೆ. ಹೀಗಾಗಿ ನಿನ್ನೆಯವರೆಗೆ ಕೊರೋಲಾ ಓಡಿಸಿಕೊಂಡಿದ್ದವರು ಇವತ್ತು ಸುಮಾರು ಹನ್ನೆರಡು ಟನ್ನಿನ ಗಾಡಿಯ ಚಕ್ರ ಹಿಡಿಯಬಹುದು. ಹಿಂದಿನ ಕಿಟಕಿ ಇಲ್ಲ, ಒಳಕನ್ನಡಿ ಇಲ್ಲ, ಬ್ರೇಕ್ ಒತ್ತಿದರೆ ನಿಲ್ಲಲು ಕಾರಿಗಿಂತ ಎಷ್ಟೋ ಹೆಚ್ಚು ಜಾಗ ಬೇಕು. ಕಾನೂನು ಒಪ್ಪುತ್ತದೆ, ರಸ್ತೆ ಒಪ್ಪುವುದಿಲ್ಲ.

ಲೆಕ್ಕ ಮೂರು ಕಡೆ

ಏನಾದರೂ ಆದರೆ ಹಣ ಮೂರು ಕಡೆ ಹೋಗಬೇಕಾಗುತ್ತದೆ. ಒಂದು, ಬಾಡಿಗೆ ಟ್ರಕ್ಕಿಗೆ. ಎರಡು, ನಾವು ಗುದ್ದಿದ ಇನ್ನೊಬ್ಬರ ಕಾರು, ಗೋಡೆ, ಮೈಗೆ. ಮೂರು, ಟ್ರಕ್ಕಿನೊಳಗಿನ ನಮ್ಮ ಸಾಮಾನಿಗೆ. ನಮ್ಮದೇ ಕೈಕಾಲಿಗೆ ಪೆಟ್ಟಾದರೆ ಆಸ್ಪತ್ರೆ ಖರ್ಚು ಇನ್ನೊಂದು; ಕೆಲಸದ ಕಡೆಯ ಆರೋಗ್ಯ ವಿಮೆ ಇದ್ದವರು ಅದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ಮನೆ ಬದಲಾಯಿಸುವವರು, ಆ ವಾರ ತಮ್ಮ ಆರೋಗ್ಯ ವಿಮೆ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು.

ಕೌಂಟರಿನಲ್ಲಿ ಮಾರುವ ಯೋಜನೆಗಳ ಹೆಸರು ಕಂಪನಿಗೊಂದು ಥರ. ಯೂ-ಹಾಲ್‌ನವರು ಸೇಫ್‌ಮೂವ್, ಸೇಫ್‌ಮೂವ್ ಪ್ಲಸ್ ಎಂದು ಕಟ್ಟುಕಟ್ಟಾಗಿ ಮಾರುತ್ತಾರೆ. ಪೆನ್‌ಸ್ಕಿಯಲ್ಲಿ ಟ್ರಕ್ಕಿನ ಹಾನಿಗೆ ‘ಲಿಮಿಟೆಡ್ ಡ್ಯಾಮೇಜ್ ವೇವರ್’, ಬಜೆಟ್‌ನಲ್ಲಿ ‘ಫಿಸಿಕಲ್ ಡ್ಯಾಮೇಜ್ ವೇವರ್’. ಇತರರ ಹಾನಿಗೆ, ಸಾಮಾನಿಗೆ ಬೇರೆ ಬೇರೆ ಚೀಟಿ. ಹೆಸರು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಯಾವ ಚೀಟಿ ಮುಂದಿಟ್ಟರೂ ‘ಇದು ಟ್ರಕ್ಕಿಗೋ, ಇನ್ನೊಬ್ಬರಿಗೋ, ನನ್ನ ಸಾಮಾನಿಗೋ’ ಎಂದು ಕೇಳಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಮೊದಲು ವೇವರ್ ವಿಷಯ. ಎಲ್ಲರೂ ಇದನ್ನು ಇನ್ಶೂರೆನ್ಸ್ ಎಂದೇ ಕರೆಯುತ್ತಾರೆ, ಆದರೆ ಇದು ವಿಮೆಯಲ್ಲ. ‘ಟ್ರಕ್ಕಿಗೆ ಹಾನಿಯಾದರೆ ನಿಮ್ಮಿಂದ ವಸೂಲಿ ಮಾಡುವುದಿಲ್ಲ’ ಎಂದು ಬಾಡಿಗೆ ಕಂಪನಿಯೇ ಬರೆದುಕೊಡುವ ಕರಾರು, ಅಷ್ಟೆ. ಕರಾರಾದ್ದರಿಂದ ಅದರ ಷರತ್ತು ಮುರಿದರೆ ಮಾಫಿಯೂ ಮುರಿಯುತ್ತದೆ. ಇದನ್ನು ತೆಗೆದುಕೊಳ್ಳದಿದ್ದರೆ ಬರುವ ಬಿಲ್ಲು ಬರೀ ರಿಪೇರಿಯದಲ್ಲ. ಗ್ಯಾರೇಜಿನಲ್ಲಿ ನಿಂತಷ್ಟು ದಿನ ಟ್ರಕ್ಕಿನಿಂದ ಬರಬೇಕಿದ್ದ ಬಾಡಿಗೆಯನ್ನೂ ಕೇಳುತ್ತಾರೆ, ಎಳೆದೊಯ್ದ ಖರ್ಚು ಸೇರಿಸುತ್ತಾರೆ, ಕಾಗದಪತ್ರದ ಶುಲ್ಕವೂ ಕೊನೆಯ ಸಾಲಿನಲ್ಲಿ ಇರುತ್ತದೆ.

ದೊಡ್ಡ ಗುಂಡಿ ಎರಡನೆಯದು

ಮನೆ ಬದಲಾಯಿಸುವ ಹೊತ್ತಿನಲ್ಲಿ ನಮ್ಮ ಜೀವವೆಲ್ಲ ಟಿವಿಯ ಮೇಲಿರುತ್ತದೆ. ನಂತರ ಟ್ರಕ್ಕಿನ ಮೇಲೆ. ಎದುರು ಬರುವ ಕಾರಿನವನ ಮೈಮೂಳೆಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಹಣದ ಲೆಕ್ಕದಲ್ಲಿ ನೋಡಿದರೆ ಕ್ರಮ ಪೂರಾ ತಿರುಗುಮುರುಗು. ಟಿವಿ ಹೋದರೆ ಕೆಲವು ನೂರು ಡಾಲರ್, ಟ್ರಕ್ಕು ನಜ್ಜುಗುಜ್ಜಾದರೆ ಹತ್ತಾರು ಸಾವಿರ. ಆದರೆ ಒಬ್ಬ ಮನುಷ್ಯನ ಬೆನ್ನುಮೂಳೆಗೆ ಏಟಾದರೆ ಅಮೆರಿಕದ ಆಸ್ಪತ್ರೆ ಮತ್ತು ವಕೀಲರ ಲೆಕ್ಕ ಲಕ್ಷಗಳಲ್ಲಿ, ಅದೂ ಡಾಲರ್ ಲಕ್ಷಗಳಲ್ಲಿ ಓಡುತ್ತದೆ.

ಇಲ್ಲಿ ಭಾರತದಿಂದ ಹೋದವರು ಎಡವಲು ಒಂದು ಕಾರಣವಿದೆ. ನಮ್ಮಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರಲ್ಲಿ ಸಾವು, ಗಾಯದ ಪರಿಹಾರಕ್ಕೆ ಮೇಲ್ಮಿತಿಯಿಲ್ಲ. ನ್ಯಾಯಮಂಡಳಿ ಎಷ್ಟು ಹೇಳುತ್ತದೋ ಅಷ್ಟನ್ನು ವಿಮಾ ಕಂಪನಿ ಕಟ್ಟುತ್ತದೆ. ಆಸ್ತಿ ಹಾನಿಗೆ ಮಾತ್ರ 7.5 ಲಕ್ಷ ರೂಪಾಯಿಯ ಮಿತಿ. ಹಾಗಾಗಿ ‘ಇನ್ಶೂರೆನ್ಸ್ ಇದೆ’ ಎಂದರೆ ಎದುರಿನವರ ಪಾಡು ಕಂಪನಿ ನೋಡಿಕೊಳ್ಳುತ್ತದೆ ಎಂಬ ನೆಮ್ಮದಿ ನಮ್ಮ ರಕ್ತದಲ್ಲೇ ಇದೆ. ಅಮೆರಿಕದಲ್ಲಿ ಹಾಗಲ್ಲ. ಒಂದೊಂದು ರಾಜ್ಯವೂ ಒಂದು ಕನಿಷ್ಠ ಮೊತ್ತ ಹೇಳುತ್ತದೆ, ಪಾಲಿಸಿ ತನ್ನಲ್ಲಿ ಬರೆದ ಮಿತಿಗೆ ನಿಲ್ಲುತ್ತದೆ, ಉಳಿದದ್ದು ಓಡಿಸಿದವರ ತಲೆಗೆ.

ಆ ಕನಿಷ್ಠ ಎಷ್ಟು ಕನಿಷ್ಠ ಎಂದು ನೋಡಿ. ಟೆಕ್ಸಸ್‌ನಲ್ಲಿ ಗಾಯಗೊಂಡ ಒಬ್ಬರಿಗೆ 30,000 ಡಾಲರ್, ಒಂದು ಅಪಘಾತದಲ್ಲಿ ಎಲ್ಲರಿಗೂ ಸೇರಿ 60,000, ಆಸ್ತಿ ಹಾನಿಗೆ 25,000. ಕ್ಯಾಲಿಫೋರ್ನಿಯಾದಲ್ಲಿ ಇದು ದಶಕಗಳ ಕಾಲ 15,000, 30,000, 5,000 ಆಗಿತ್ತು. 2025ರ ಜನವರಿ 1ರಿಂದ 30,000, 60,000, 15,000ಕ್ಕೆ ಏರಿಸಿದರು. ಐದು ಸಾವಿರ ಡಾಲರಿಗೆ ಇವತ್ತು ಒಂದು ಟೆಸ್ಲಾದ ಬಾಗಿಲು ಸರಿಹೋಗುವುದೂ ಅನುಮಾನ. ಫ್ಲಾರಿಡಾದ ಕಥೆ ಇನ್ನೂ ವಿಚಿತ್ರ: ಸಾಮಾನ್ಯ ಕಾರು ನೋಂದಾಯಿಸುವಾಗ ಇನ್ನೊಬ್ಬರ ಮೈಗಾಯದ ವಿಮೆ ಅಲ್ಲಿ ಕಡ್ಡಾಯವೇ ಅಲ್ಲ.

ಬಾಡಿಗೆ ಟ್ರಕ್ಕಿನ ಜೊತೆ ‘ಲಯಬಿಲಿಟಿ (ಇನ್ನೊಬ್ಬರಿಗಾದ ಹಾನಿಯ ಹೊಣೆ) ಸೇರಿದೆ’ ಎಂದು ಹೇಳಿದರೆ, ಬಹುತೇಕ ಅದು ಆಯಾ ರಾಜ್ಯದ ಈ ಕನಿಷ್ಠ ಮೊತ್ತವೇ. ಎಷ್ಟೋ ಕರಾರುಗಳಲ್ಲಿ ಅದೂ ನಿಮ್ಮ ಸ್ವಂತ ಪಾಲಿಸಿ ಮುಗಿದ ಮೇಲೆ ಮಾತ್ರ ಬರುತ್ತದೆ. ಟ್ರಕ್ಕಿನ ಒಡೆಯನೇ ದೊಡ್ಡ ಕಂಪನಿ, ಕೋರ್ಟು ಅವರನ್ನೇ ಹಿಡಿಯುತ್ತದೆ ಎಂದುಕೊಂಡರೆ ಆ ಬಾಗಿಲು 2005ರಲ್ಲೇ ಮುಚ್ಚಿತು. ಆ ವರ್ಷ ಅಮೆರಿಕದ ಸಂಸತ್ತು ‘ಗ್ರೇವ್ಸ್ ತಿದ್ದುಪಡಿ’ ಎಂದು ಹೆಸರಾದ ಕಾನೂನು ಮಾಡಿತು. ಕಂಪನಿಯ ಕಡೆಯಿಂದಲೇ ತಪ್ಪಾಗಿರದಿದ್ದರೆ, ಬಾಡಿಗೆಗೆ ಪಡೆದವರು ಮಾಡಿದ ಅಪಘಾತಕ್ಕೆ ವಾಹನದ ಒಡೆತನ ಎಂಬ ಒಂದೇ ಕಾರಣಕ್ಕೆ ಬಾಡಿಗೆ ಕಂಪನಿಯನ್ನು ಹೊಣೆ ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. ಅಲ್ಲಿಗೆ ಉಳಿಯುವವರು ನಾವು, ನಮ್ಮ ಬ್ಯಾಂಕ್ ಖಾತೆ, ನಮ್ಮ ಮುಂದಿನ ಸಂಬಳ.

ಇದಕ್ಕಾಗಿ ಮಾರುವುದೇ ‘ಸಪ್ಲಿಮೆಂಟಲ್ ಲಯಬಿಲಿಟಿ’. ಯೂ-ಹಾಲ್‌ನ ಸೇಫ್‌ಮೂವ್ ಪ್ಲಸ್‌ನಲ್ಲಿ ಇದು 10 ಲಕ್ಷ ಡಾಲರಿನವರೆಗೆ ಇದೆ. ಬರೀ ಸೇಫ್‌ಮೂವ್‌ನಲ್ಲಿ ಇಲ್ಲ. ಎರಡರ ದರದ ವ್ಯತ್ಯಾಸ ನೋಡಿ ಕಡಿಮೆಯದಕ್ಕೆ ಬೆರಳೊತ್ತುವವರು ಕೈಬಿಡುತ್ತಿರುವುದು ಈ ಹತ್ತು ಲಕ್ಷವನ್ನು. ಪೆನ್‌ಸ್ಕಿ ಮತ್ತು ಬಜೆಟ್‌ನಲ್ಲಿ ಇದು ಬೇರೆಯೇ ಚೀಟಿ. ನೀವಾಗಿ ಕೇಳಿದರೆ ಒಳ್ಳೆಯದು.

ಮನೆಯಲ್ಲಿರುವ ಪಾಲಿಸಿ ಎಷ್ಟು ದೂರ ಬರುತ್ತದೆ

‘ನನ್ನ ಕಾರಿನ ಇನ್ಶೂರೆನ್ಸ್ ಬಾಡಿಗೆ ಗಾಡಿಗೂ ಆಗುತ್ತೆ’ ಎಂಬುದು ಅರ್ಧ ಸತ್ಯ. ಬಾಡಿಗೆ ಕಾರಿಗೆ ಬಹುಪಾಲು ಆಗುತ್ತದೆ. ಟ್ರಕ್ಕಿನ ವಿಷಯದಲ್ಲಿ ಪಾಲಿಸಿಯ ಎರಡು ಭಾಗ ಎರಡು ಥರ ನಡೆದುಕೊಳ್ಳುತ್ತವೆ. ಇನ್ನೊಬ್ಬರಿಗೆ ಮಾಡಿದ ಹಾನಿಯ ಭಾಗ, ಸ್ವಂತ ಮನೆ ಸಾಗಿಸಲು ಓಡಿಸಿದ ಟ್ರಕ್ಕಿಗೂ ಅನೇಕ ಪಾಲಿಸಿಗಳಲ್ಲಿ ಹಿಗ್ಗುತ್ತದೆ. ಓಡಿಸುತ್ತಿರುವ ಗಾಡಿಗೇ ಆದ ಹಾನಿಯ ಭಾಗ ಹಿಗ್ಗುವುದು ಕಡಿಮೆ. ಒಟ್ಟು ತೂಕದ ಮಿತಿ 10,000 ಪೌಂಡ್ ಮೀರಿದ ವಾಹನವನ್ನು ಹಲವು ಪಾಲಿಸಿಗಳು ಸ್ಪಷ್ಟವಾಗಿ ಹೊರಗಿಡುತ್ತವೆ. ಹತ್ತಡಿಯ ಪುಟ್ಟ ಟ್ರಕ್ಕು ಈ ಗೆರೆಯ ಕೆಳಗಿರಬಹುದು, ಇಪ್ಪತ್ತಡಿಯದು ಖಂಡಿತ ಮೇಲೆ.

ನಮ್ಮ ಪ್ರಸಂಗದಲ್ಲೂ ಹೀಗೇ ಆಯಿತು. ಕಾಫಿ ಅಂಗಡಿಯ ಚಪ್ಪರದ ದುರಸ್ತಿಯನ್ನು ಭಾವನ ಕಾರಿನ ಪಾಲಿಸಿ ತೆತ್ತಿತು. ಟ್ರಕ್ಕಿನ ಹರಿದ ನೆತ್ತಿಯನ್ನು ಮಾತ್ರ ‘ಇದು ನಮಗೆ ಸೇರಿದ್ದಲ್ಲ’ ಎಂದು ಬದಿಗಿಟ್ಟಿತು. ಮರುವರ್ಷ ಕಾರಿನ ಪ್ರೀಮಿಯಂ ಏರಿದ್ದನ್ನು ಅಕ್ಕ ಇವತ್ತಿಗೂ ಭಾವನಿಗೆ ನೆನಪಿಸುತ್ತಾಳೆ.

ಇನ್ನೊಂದು ಹೊಂಡವಿದೆ, ನಮ್ಮವರು ಹೆಚ್ಚಾಗಿ ಬೀಳುವಂಥದ್ದು. ದೂರದ ರಾಜ್ಯಕ್ಕೆ ಹೋಗುವಾಗ ಹಳೆಯ ಕಾರನ್ನು ಇಲ್ಲೇ ಮಾರಿ, ಅಲ್ಲಿ ಹೊಸದು ಕೊಂಡರಾಯಿತು ಎಂದು ಲೆಕ್ಕ ಹಾಕುತ್ತೇವೆ. ಕಾರು ಮಾರಿದ ದಿನವೇ ಪಾಲಿಸಿ ನಿಲ್ಲಿಸಿ ಉಳಿದ ಪ್ರೀಮಿಯಂ ವಾಪಸ್ ಪಡೆಯುತ್ತೇವೆ. ಅದರಲ್ಲಿ ನಾವು ಚುರುಕು. ಮರುದಿನ ಟ್ರಕ್ ಹತ್ತಿದಾಗ ನಮ್ಮ ಹೆಸರಿನಲ್ಲಿ ಒಂದೂ ವಾಹನ ವಿಮೆ ಇರುವುದಿಲ್ಲ. ಓದಲು ಹೋದ, ಕಾರೇ ಇಲ್ಲದ ಹುಡುಗ ಹುಡುಗಿಯರ ಸ್ಥಿತಿಯೂ ಇದೇ. ಈ ಎರಡು ಗುಂಪಿನವರು ಕೌಂಟರಿನ ಲಯಬಿಲಿಟಿ ಚೀಟಿಯನ್ನು ಬೇಡ ಎನ್ನಲೇಬಾರದು. ಕಾರು ಮಾರಿದರೂ ಪಾಲಿಸಿಯನ್ನು ಪ್ರಯಾಣ ಮುಗಿಯುವ ತನಕ ಉಳಿಸಿಕೊಳ್ಳಲು ದಾರಿಯಿದೆಯೇ ಎಂದು ಏಜೆಂಟರನ್ನು ಕೇಳಬಹುದು. ವಾಹನವಿಲ್ಲದವರಿಗೆಂದೇ ಕೊಡುವ ಪಾಲಿಸಿಯೂ ಉಂಟು.

ಕ್ರೆಡಿಟ್ ಕಾರ್ಡಿನ ಭರವಸೆಯನ್ನು ಮರೆತುಬಿಡಿ. ಬಾಡಿಗೆ ಕಾರಿಗೆ ರಕ್ಷಣೆ ಕೊಡುತ್ತೇವೆ ಎನ್ನುವ ಕಾರ್ಡುಗಳ ಷರತ್ತಿನಲ್ಲಿ ಟ್ರಕ್ಕನ್ನು ಸಾಮಾನ್ಯವಾಗಿ ಹೆಸರು ಹೇಳಿಯೇ ಹೊರಗಿಟ್ಟಿರುತ್ತಾರೆ.

ಗ್ರೈಂಡರು, ವೀಣೆ, ಬಂಗಾರ

ಸಾಮಾನಿನ ರಕ್ಷಣೆ ಕೇಳಲು ಚೆನ್ನ, ಕೊಡುವುದು ಕಡಿಮೆ. ಟ್ರಕ್ಕು ಗುದ್ದಿ, ಉರುಳಿ, ಬೆಂಕಿ ಹತ್ತಿ ಸಾಮಾನು ಹಾಳಾದರೆ ಕೊಡುತ್ತಾರೆ, ಅದೂ ಒಂದು ಮಿತಿಯವರೆಗೆ. ಆದರೆ ಸಾಮಾನು ಹಾಳಾಗುವ ದಿನನಿತ್ಯದ ರೀತಿ ಅದಲ್ಲ. ತಿರುವಿನಲ್ಲಿ ಬೀರು ವಾಲಿ ವೀಣೆಯ ಮೇಲೆ ಬೀಳುತ್ತದೆ, ಗ್ರೈಂಡರಿನ ಕಲ್ಲು ಜಾರಿ ಟಿವಿಗೆ ತಾಗುತ್ತದೆ. ಹೀಗೆ ಒಳಗೊಳಗೇ ಜರುಗಿ ಆದ ನಷ್ಟವನ್ನು ಈ ಯೋಜನೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ರಾತ್ರಿ ಮೋಟೆಲಿನ ಮುಂದೆ ನಿಲ್ಲಿಸಿದಾಗ ಬೀಗ ಮುರಿದು ಕದ್ದರೆ ಅದೂ ಬಹಳ ಕಡೆ ಹೊರಗೆ. ಭಾರವಾದದ್ದನ್ನು ಚಾಲಕನ ಬೆನ್ನ ಹಿಂದಿನ ಗೋಡೆಗೆ ಒತ್ತಿ, ತಳದಲ್ಲಿ, ಹಗ್ಗ ಬಿಗಿದು ಇಡುವುದೇ ಇಲ್ಲಿ ವಿಮೆ. ಅಕ್ಕನ ವೀಣೆಯನ್ನು ಎರಡು ಹಾಸಿಗೆಗಳ ನಡುವೆ ಮಲಗಿಸಿದ್ದೆವು. ಟ್ರಕ್ಕಿನ ನೆತ್ತಿ ಹಾರಿಹೋದರೂ ಅದರ ಒಂದು ತಂತಿ ಕದಲಿರಲಿಲ್ಲ.

ಕಳವಿಗೆ ಮದ್ದು ಬೇರೆ ಕಡೆ ಸಿಗುತ್ತದೆ. ಅಪಾರ್ಟ್‌ಮೆಂಟ್ ಬಾಡಿಗೆಗೆ ಕೊಡುವಾಗ ಮಾಲೀಕರು ಒತ್ತಾಯ ಮಾಡಿ ತೆಗೆಸುವ ‘ರೆಂಟರ್ಸ್ ಇನ್ಶೂರೆನ್ಸ್’ ನಮ್ಮ ವಸ್ತುಗಳು ಮನೆಯ ಹೊರಗಿದ್ದಾಗಲೂ, ಟ್ರಕ್ಕಿನಲ್ಲಿದ್ದಾಗಲೂ, ಕಳವು ಮತ್ತು ಬೆಂಕಿಗೆ ಸಾಮಾನ್ಯವಾಗಿ ಅನ್ವಯಿಸುತ್ತದೆ. ನಾವೇ ಎತ್ತಿಹಾಕಿ ಒಡೆದದ್ದಕ್ಕೆ ಇಲ್ಲ. ಡಿಡಕ್ಟಿಬಲ್ 500 ಅಥವಾ 1,000 ಡಾಲರ್ ಇದ್ದರೆ ಅಷ್ಟನ್ನು ಮೊದಲು ನಾವೇ ಹೊರಬೇಕು. ಹಳೆಯ ಮನೆ ಖಾಲಿ ಮಾಡಿದ ದಿನವೇ ಈ ಪಾಲಿಸಿ ನಿಲ್ಲಿಸದೆ, ಹೊಸ ವಿಳಾಸಕ್ಕೆ ವರ್ಗಾಯಿಸಿಕೊಳ್ಳಿ.

ಬಂಗಾರದ ಮಾತು ಬಂತು. ಮನೆ, ರೆಂಟರ್ಸ್ ಪಾಲಿಸಿಗಳ ಸಾಮಾನ್ಯ ನಮೂನೆಯಲ್ಲಿ ಒಡವೆ ಕಳವಾದರೆ ಕೊಡುವ ಗರಿಷ್ಠ 1,500 ಡಾಲರ್, ನಗದಿಗೆ 200. ಮದುವೆಯಲ್ಲಿ ಕೊಟ್ಟ ಒಂದು ಅವಲಕ್ಕಿ ಸರ ಸಾಕು ಆ ಮಿತಿ ದಾಟಲು. ಒಡವೆಯನ್ನು ಪಟ್ಟಿ ಮಾಡಿಸಿ, ಬೆಲೆ ಕಟ್ಟಿಸಿ ಪಾಲಿಸಿಗೆ ಪ್ರತ್ಯೇಕವಾಗಿ ಸೇರಿಸಬಹುದು. ಟ್ರಕ್ ಕಂಪನಿಗಳ ಸಾಮಾನು ಯೋಜನೆಗಳಂತೂ ಒಡವೆ, ನಗದು, ದಾಖಲೆಗಳನ್ನು ಮುಟ್ಟುವುದೇ ಇಲ್ಲ ಎಂದುಕೊಂಡಿರುವುದು ಲೇಸು. ಬಂಗಾರ, ಪಾಸ್‌ಪೋರ್ಟು, ವೀಸಾ ಕಾಗದ, ಮಕ್ಕಳ ಜನನ ಪ್ರಮಾಣಪತ್ರ ಕೈಚೀಲದಲ್ಲಿರಲಿ, ಟ್ರಕ್ಕಿನ ಹೊಟ್ಟೆಯಲ್ಲಲ್ಲ.

ಸೇತುವೆಗಳು

ಉತ್ತರ ಕ್ಯಾರೊಲಿನಾದ ಡರ್ಹ್ಯಾಮ್ ಪಟ್ಟಣದಲ್ಲಿ, ಗ್ರೆಗ್ಸನ್ ಬೀದಿಯ ಮೇಲೆ ಒಂದು ರೈಲು ಸೇತುವೆಯಿದೆ. ಎತ್ತರ 11 ಅಡಿ 8 ಅಂಗುಲ ಇತ್ತು. 2008ರಲ್ಲಿ ಹತ್ತಿರದ ಕಚೇರಿಯ ಒಬ್ಬರು ಅದರೆದುರು ಕ್ಯಾಮೆರಾ ಇಟ್ಟರು. ಬಾಡಿಗೆ ಟ್ರಕ್ಕುಗಳ ನೆತ್ತಿ ಒಂದಾದ ಮೇಲೊಂದು ಹಲಸಿನ ಸಿಪ್ಪೆಯಂತೆ ಸುಲಿದು ಹೋಗುವ ದೃಶ್ಯಗಳು ಲೋಕವೆಲ್ಲ ಹರಡಿದವು. ಊರವರು ಇಟ್ಟ ಅಡ್ಡಹೆಸರು ಕ್ಯಾನ್ ಓಪನರ್. ‘ನಿಮ್ಮ ಗಾಡಿ ಎತ್ತರವಾಯಿತು’ ಎಂದು ತಾನಾಗಿ ಹೊತ್ತಿಕೊಳ್ಳುವ ಫಲಕ ಹಾಕಿದರು, ಕೆಂಪು ದೀಪ ಹಾಕಿದರು. 2019ರ ಅಕ್ಟೋಬರಿನಲ್ಲಿ ಸೇತುವೆಯನ್ನೇ ಎಂಟು ಅಂಗುಲ ಎತ್ತರಿಸಿದರು. ಈಗ 12 ಅಡಿ 4 ಅಂಗುಲ. ಆಮೇಲೂ ಗುದ್ದಿದವರಿದ್ದಾರೆ.

ಬಾಸ್ಟನ್‌ನಲ್ಲಿ ಇದಕ್ಕೊಂದು ಕ್ರಿಯಾಪದವೇ ಹುಟ್ಟಿದೆ. ನದಿಯ ದಂಡೆಯ ಸ್ಟಾರೋ ಡ್ರೈವ್‌ನಲ್ಲಿ ಕೆಲವೆಡೆ ಸೇತುವೆಗಳ ಎತ್ತರ ಹತ್ತಡಿಯ ಆಸುಪಾಸು, ಟ್ರಕ್ಕುಗಳಿಗೆ ಪ್ರವೇಶವಿಲ್ಲ. ಅಲ್ಲಿನ ಬಾಡಿಗೆ ಕರಾರುಗಳು ಬಹುಪಾಲು ಸೆಪ್ಟೆಂಬರ್ 1ಕ್ಕೆ ಬದಲಾಗುವುದರಿಂದ ಆ ದಿನ ಊರಿಗೂರೇ ಟ್ರಕ್ ಹತ್ತಿರುತ್ತದೆ. ಪ್ರತಿ ವರ್ಷ ಒಬ್ಬಿಬ್ಬರಾದರೂ ಫೋನಿನ ನಕ್ಷೆ ನಂಬಿಕೊಂಡು ಒಳಗೆ ನುಗ್ಗಿ ಸಿಕ್ಕಿಕೊಳ್ಳುತ್ತಾರೆ. ಅವರು ‘ಸ್ಟಾರೋಡ್’ ಆದರು ಎನ್ನುತ್ತಾರೆ. ನ್ಯೂಯಾರ್ಕಿನ ಪಾರ್ಕ್‌ವೇಗಳು, ಕನೆಕ್ಟಿಕಟ್‌ನ ಮೆರಿಟ್ ಪಾರ್ಕ್‌ವೇ ಕೂಡ ಟ್ರಕ್ಕುಗಳಿಗಲ್ಲ. ಫೋನಿನ ನಕ್ಷೆಗೆ ನೀವು ಕಾರಿನಲ್ಲಿದ್ದೀರೋ ಟ್ರಕ್ಕಿನಲ್ಲೋ ಗೊತ್ತಿರುವುದಿಲ್ಲ.

ಕಡಿಮೆ ದರದ ಹಲವು ಯೋಜನೆಗಳು ಕೈಬಿಡುವುದು ಇದೇ ನೆತ್ತಿಯ ಹಾನಿಯನ್ನು. ಹೊಸಬರು ಅತಿ ಸುಲಭವಾಗಿ ಮಾಡುವ ತಪ್ಪನ್ನೇ ಪಟ್ಟಿಯಿಂದ ಹೊರಗಿಟ್ಟಿರುವುದು ಕಾಕತಾಳೀಯವಲ್ಲ ಎಂದು ನನ್ನ ಗುಮಾನಿ. ಮೇಲಿನ ದರದ ಯೋಜನೆ ನೆತ್ತಿಯನ್ನೂ ಒಳಗೊಳ್ಳುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ, ಕರಾರಿನ ಆ ಸಾಲನ್ನು ತೋರಿಸಲು ಹೇಳಿ. ಟ್ರಕ್ಕಿನ ಎತ್ತರ ಚಾಲಕನ ಎದುರಿನ ಸನ್‌ವೈಸರ್ ಮೇಲೆ ಬರೆದಿರುವುದುಂಟು. ಇರದಿದ್ದರೆ ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಅಂಟಿಸಿಕೊಳ್ಳಿ.

ಷರತ್ತು ಮುರಿಯುವ ಬಗೆಗಳು

ಕುಡಿದು ಓಡಿಸಿದರೆ ವೇವರ್ ಬಿದ್ದುಹೋಗುತ್ತದೆ ಎನ್ನುವುದು ಹೇಳಬೇಕಾದ ಮಾತಲ್ಲ. ಸಜ್ಜನರು ಸಿಕ್ಕಿಬೀಳುವುದು ಬೇರೆಡೆ. ಸಾಮಾನು ಹೊರಲು ಬಂದ ಗೆಳೆಯ ‘ನೀನು ಸ್ವಲ್ಪ ನಿದ್ದೆ ಮಾಡೋ, ಎರಡು ಗಂಟೆ ನಾನು ಓಡಿಸ್ತೀನಿ’ ಎನ್ನುತ್ತಾನೆ. ಅವನ ಹೆಸರು ಕರಾರಿನಲ್ಲಿ ಇಲ್ಲದಿದ್ದರೆ ಆ ಎರಡು ಗಂಟೆಯಲ್ಲಿ, ಹಣ ಕೊಟ್ಟು ಪಡೆದ ರಕ್ಷಣೆಯೆಲ್ಲ ಗಾಳಿಗೆ ಹೋಗಬಹುದು. ಓಡಿಸಬಹುದಾದ ಎಲ್ಲರ ಹೆಸರನ್ನೂ, ಹೆಂಡತಿಯದೂ ಸೇರಿಸಿ, ಮೊದಲೇ ಬರೆಸಿ.

ಇಂಧನವೂ ಹಾಗೆ. ಯೂ-ಹಾಲ್ ಟ್ರಕ್ಕುಗಳು ಪೆಟ್ರೋಲಿನವು, ಅಲ್ಲಿಯ ಭಾಷೆಯಲ್ಲಿ ಗ್ಯಾಸ್. ಪೆನ್‌ಸ್ಕಿಯ ದೊಡ್ಡ ಟ್ರಕ್ಕುಗಳು ಡೀಸೆಲ್. ತಪ್ಪು ತುಂಬಿಸಿ ಇಂಜಿನ್ ಕೆಟ್ಟರೆ ಅದು ಅಪಘಾತವಲ್ಲ, ಅಜಾಗರೂಕತೆ, ಖರ್ಚು ನಿಮ್ಮದು. ಹಿಂದಿನ ಡಬ್ಬಿಯಲ್ಲಿ ಜನರನ್ನು ಕೂರಿಸುವುದು, ಟಾರಿಲ್ಲದ ದಾರಿಗಿಳಿಯುವುದು, ಒಪ್ಪಿದ ದಿನಕ್ಕೆ ತಿರುಗಿಸದೆ ಹೇಳದೆಕೇಳದೆ ಇನ್ನೆರಡು ದಿನ ಇಟ್ಟುಕೊಳ್ಳುವುದು ಇವೂ ಅದೇ ಸಾಲಿಗೆ. ಟ್ರಕ್ಕಿನ ಹಿಂದೆ ಕಾರನ್ನು ಕಟ್ಟಿ ಎಳೆದೊಯ್ಯುವವರಿಗೆ ಆ ಕಾರಿನ ಹಾನಿಗೆ ಪ್ರತ್ಯೇಕ ರಕ್ಷಣೆ ಬೇಕಾಗುತ್ತದೆ. ಯೂ-ಹಾಲ್‌ನಲ್ಲಿ ಅದರ ಹೆಸರು ಸೇಫ್‌ಟೋ.

ಟ್ರಕ್ಕಿನ ಬೀಗದಕೈ ಪಡೆದ ಕೂಡಲೇ ನಾಲ್ಕೂ ಮಗ್ಗುಲು, ನೆತ್ತಿ, ಚಕ್ರ, ಒಳಗಿನ ನೆಲ, ಮೀಟರು ಎಲ್ಲದರ ವಿಡಿಯೊ ತೆಗೆಯಿರಿ. ಹಳೆಯ ಗೀರುಗಳನ್ನು ಕರಾರಿನಲ್ಲಿ ಬರೆಸಿ. ಒಪ್ಪಿಸುವಾಗ ಮತ್ತೊಮ್ಮೆ. ಕಚೇರಿ ಮುಚ್ಚಿದ ಮೇಲೆ ಬೀಗದಕೈ ಡಬ್ಬಿಗೆ ಹಾಕಿ ಬರುವುದಾದರೆ, ಬೆಳಿಗ್ಗೆ ಅವರು ನೋಡಿ ಒಪ್ಪಿಕೊಳ್ಳುವ ತನಕ ಟ್ರಕ್ಕು ನಿಮ್ಮ ಹೊಣೆಯಲ್ಲೇ ಇರುತ್ತದೆಂದು ಎಷ್ಟೋ ಕರಾರುಗಳಲ್ಲಿದೆ. ಸಾಧ್ಯವಾದರೆ ಹಗಲಿನಲ್ಲೇ, ಎದುರಿಗೆ ಮನುಷ್ಯರಿದ್ದಾಗ ಒಪ್ಪಿಸಿ, ರಸೀದಿ ಪಡೆಯಿರಿ. ಏನಾದರೂ ತಗುಲಿದರೆ ಎಷ್ಟೇ ಸಣ್ಣದಿರಲಿ ಪೊಲೀಸರಿಗೂ ಕಂಪನಿಗೂ ಅಂದೇ ತಿಳಿಸಬೇಕು.

ಇಷ್ಟೆಲ್ಲ ರಗಳೆ ಯಾರಿಗೆ ಬೇಕು, ಮೂವರ್ಸ್‌ನವರಿಗೇ ಒಪ್ಪಿಸುತ್ತೇನೆ ಎನ್ನುವವರಿಗೂ ಒಂದು ಮಾತು. ರಾಜ್ಯದಿಂದ ರಾಜ್ಯಕ್ಕೆ ಮನೆ ಸಾಗಿಸುವ ಕಂಪನಿಗಳು ಕೇಂದ್ರದ ನಿಯಮದಂತೆ ಎರಡು ಬಗೆಯ ಹೊಣೆ ಮುಂದಿಡಬೇಕು. ಒಂದರಲ್ಲಿ ವಸ್ತುವಿನ ಪೂರ್ಣ ಬೆಲೆ, ಅದಕ್ಕೆ ಹೆಚ್ಚಿನ ಹಣ. ಇನ್ನೊಂದು ಪುಕ್ಕಟೆ, ಆದರೆ ಹಾಳಾದ ವಸ್ತುವಿನ ಪ್ರತಿ ಪೌಂಡ್ ತೂಕಕ್ಕೆ 60 ಸೆಂಟ್. 40 ಪೌಂಡಿನ ಟಿವಿ ಒಡೆದರೆ 24 ಡಾಲರ್. ಗ್ರೈಂಡರಿಗೆ ಟಿವಿಗಿಂತ ಹೆಚ್ಚು ಪರಿಹಾರ ಸಿಗುವ ಏಕೈಕ ಯೋಜನೆ ಇದೇ ಇರಬೇಕು. ಪುಕ್ಕಟೆಯದಕ್ಕೆ ಸಹಿ ಹಾಕುವ ಮುನ್ನ ಯೋಚಿಸಿ. ಪರಿಹಾರಕ್ಕೆ ಅರ್ಜಿ ಸಲ್ಲಿಸಲು 9 ತಿಂಗಳ ಅವಕಾಶವಿದೆ.

ನನ್ನ ಅಭಿಪ್ರಾಯ ಕೇಳಿದರೆ: ಊರೊಳಗೇ ನಾಲ್ಕು ಮೈಲಿಗೆ ಹತ್ತಡಿಯ ಟ್ರಕ್ಕು, ಒಳ್ಳೆಯ ಮೊತ್ತದ ಕಾರು ಪಾಲಿಸಿ, ಏಜೆಂಟರಿಂದ ಬರಹದಲ್ಲಿ ಒಪ್ಪಿಗೆ, ಈ ಮೂರೂ ಇದ್ದವರು ಕೌಂಟರಿನಲ್ಲಿ ಬೇಡ ಎನ್ನಬಹುದು. ರಾಜ್ಯ ದಾಟುವವರು, ದೊಡ್ಡ ಟ್ರಕ್ ಹಿಡಿದವರು, ಸ್ವಂತ ಪಾಲಿಸಿ ಇಲ್ಲದವರು ಲಯಬಿಲಿಟಿ ಮತ್ತು ನೆತ್ತಿ ಎರಡೂ ಇರುವ ಮೇಲಿನ ದರದ್ದನ್ನೇ ಕೊಳ್ಳಬೇಕು. ಸಾಮಾನಿನ ಚೀಟಿ ಬೇರೆಯಾಗಿ ಮಾರುತ್ತಿದ್ದರೆ ನಾನು ಅದನ್ನು ಬಿಡುತ್ತೇನೆ, ಆ ಹಣಕ್ಕೆ ಇನ್ನೆರಡು ಹಗ್ಗ ಮತ್ತು ಹೊದಿಕೆ ಬಾಡಿಗೆಗೆ ತರುತ್ತೇನೆ.

ಏಜೆಂಟರಿಗೆ ಕೇಳಬೇಕಾದ್ದು ಇಷ್ಟೆ: ಇಷ್ಟು ಅಡಿಯ, ಇಷ್ಟು ಒಟ್ಟು ತೂಕದ ಬಾಡಿಗೆ ಟ್ರಕ್ಕನ್ನು ಇಂಥ ದಿನ ಓಡಿಸುತ್ತೇನೆ, ಇನ್ನೊಬ್ಬರಿಗಾದ ಹಾನಿಗೆ ನನ್ನ ಪಾಲಿಸಿ ಬರುತ್ತದೆಯೇ, ಟ್ರಕ್ಕಿಗಾದ ಹಾನಿಗೆ ಬರುತ್ತದೆಯೇ, ಟ್ರಕ್ಕು ನಿಂತ ದಿನಗಳ ಬಾಡಿಗೆ ನಷ್ಟಕ್ಕೆ ಬರುತ್ತದೆಯೇ, ನನ್ನ ಜೊತೆ ಓಡಿಸುವವರಿಗೂ ಅನ್ವಯಿಸುತ್ತದೆಯೇ. ಫೋನಿನಲ್ಲಿ ಕೇಳಿದರೂ ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಬರಲು ಎರಡು ಮೂರು ದಿನ ಹಿಡಿಯುತ್ತದೆ. ಟ್ರಕ್ ಬುಕ್ ಮಾಡಿರುವವರು ಇವತ್ತೇ ಬರೆಯಿರಿ.